ಮೇಯರ್ ಕುರ್ಚಿಗೆ ಹನ್ನೆರಡು ತಿಂಗಳು ಸಾಲದು

ಮಾನ್ಯ ಸಂಪಾದಕರೆ,

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ ಹೊಸ ಮೇಯರ್ ಆಯ್ಕೆಯಾದ ವಾರದಲ್ಲಿ ಪತ್ರಿಕೆಗಳ ಓದುಗರ ಅಂಕಣ ಬೇಡಿಕೆಗಳಿಂದ ತುಂಬಿರುತ್ತದೆ. ರಸ್ತೆಯ ತಗ್ಗು ಮುಚ್ಚಿಸಿ, ನಳಕ್ಕೆ ನೀರು ಬಿಡಿಸಿ, ಬೀದಿನಾಯಿ ಹಿಡಿಸಿ, ಓಣಿಯ ದೀಪ ಹಚ್ಚಿಸಿ. ಆರು ತಿಂಗಳು ಕಳೆದ ಮೇಲೆ ಅದೇ ಅಂಕಣದಲ್ಲಿ 'ಮೇಯರ್ ಏನೂ ಮಾಡಲಿಲ್ಲ' ಎಂಬ ಪತ್ರಗಳು. ಪಾಲಿಕೆಯ ಕಡತಗಳ ನಡುವೆಯೇ ನೌಕರಿ ಮುಗಿಸಿ ನಿವೃತ್ತರಾದ ನಾವು ಕೆಲವರು ಈ ಎರಡರ ಬಗ್ಗೆಯೂ ಹೇಳಬೇಕಾದದ್ದಿದೆ. ನಮ್ಮ ಮೇಯರ್‌ಗೆ ಕಾಯ್ದೆ ಕೊಟ್ಟ ಅಧಿಕಾರ ಜನ ತಿಳಿದಷ್ಟು ದೊಡ್ಡದಲ್ಲ, ಮೇಯರ್‌ಗಳು ತಾವೇ ತಿಳಿದಷ್ಟು ಸಣ್ಣದೂ ಅಲ್ಲ. ಇದ್ದಷ್ಟನ್ನು ಬಳಸಲು ಕಾಯ್ದೆ ಕೊಟ್ಟ ಒಂದು ವರ್ಷದ ಅವಧಿ ಸಾಲದು ಎಂಬುದು ಮಾತ್ರ ಖಾತ್ರಿ.

ಕರ್ನಾಟಕ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆ 1976ನೆಯ ಇಸವಿಯದು. ಪಾಲಿಕೆಯಲ್ಲಿ ಎಲ್ಲರೂ ಕೆಎಂಸಿ ಕಾಯ್ದೆ ಎನ್ನುತ್ತಾರೆ. ಅದರ ಪ್ರಕಾರ ಕಾರ್ಯಾಂಗದ ಅಧಿಕಾರ ಆಯುಕ್ತರದು. ಆಯುಕ್ತರನ್ನು ನೇಮಿಸುವುದು, ಎತ್ತಂಗಡಿ ಮಾಡುವುದು ರಾಜ್ಯ ಸರಕಾರ. ಗುತ್ತಿಗೆಗೆ ಸಹಿ ಹಾಕುವುದು, ಚೆಕ್ ಕೊಡುವುದು, ಎಂಜಿನಿಯರ್‌ಗೆ ನೋಟಿಸ್ ಕೊಡುವುದು ಎಲ್ಲ ಅವರ ಕಡೆ. ಮೇಯರ್ ಮದುವೆ ಮನೆಯ ಹಿರಿಯರಿದ್ದಂತೆ: ಎಲ್ಲ ಅವರನ್ನು ಕೇಳಿಯೇ ನಡೆಯಬೇಕು, ಆದರೆ ಉಗ್ರಾಣದ ಕೀಲಿ ಇರುವುದು ಬೇರೆಯವರ ಸೊಂಟದಲ್ಲಿ. ಹಾಗಾದರೆ ಮೇಯರ್ ಕೈಯಲ್ಲಿ ಏನಿದೆ? ಸಾಮಾನ್ಯ ಸಭೆಯ ಅಧ್ಯಕ್ಷತೆ, ಮತ ಸಮ ಬಂದಾಗ ನಿರ್ಣಾಯಕ ಮತ, ಪಾಲಿಕೆಯ ದಾಖಲೆಗಳನ್ನು ತರಿಸಿ ನೋಡುವ ಹಕ್ಕು. ಕೇಳಲಿಕ್ಕೆ ಇಷ್ಟೇ. ಆದರೆ ಪಾಲಿಕೆಯ ಹಣ, ಜಾಗ, ತೆರಿಗೆ, ದೊಡ್ಡ ಕಾಮಗಾರಿ ಯಾವುದೂ ಸಭೆಯ ಠರಾವು (ನಿರ್ಣಯ) ಇಲ್ಲದೆ ಮುಂದಕ್ಕೆ ಹೋಗುವುದಿಲ್ಲ.

ಈಗ ಅವಧಿಯ ಲೆಕ್ಕ. ಈಗಿನ ಮಂಡಳಿಗೆ 82 ವಾರ್ಡ್‌ಗಳಲ್ಲಿ ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಮೇಯರ್ ಆಯ್ಕೆ ಆದದ್ದು 2022ರ ಮೇ 28ರಂದು. ನಡುವಿನ ಎಂಟು ತಿಂಗಳಿಗೂ ಹೆಚ್ಚು ಕಾಲ ಗೆದ್ದವರು ಪ್ರಮಾಣವಚನಕ್ಕೇ ಕಾದು ಕೂತರು. ಅದಕ್ಕೂ ಹಿಂದೆ, 2019ರಲ್ಲಿ ಹಳೆಯ ಮಂಡಳಿಯ ಅವಧಿ ಮುಗಿದಾಗಿನಿಂದ ಆಡಳಿತಾಧಿಕಾರಿಯ ಆಳ್ವಿಕೆ. ಅಂದರೆ ಒಂಬತ್ತು ಲಕ್ಷದ ನಲವತ್ತು ಸಾವಿರ ಜನಸಂಖ್ಯೆಯ (2011ರ ಜನಗಣತಿ) ಅವಳಿ ನಗರಕ್ಕೆ ಮೂರು ವರ್ಷದಷ್ಟು ಕಾಲ ಮೇಯರೇ ಇರಲಿಲ್ಲ. ಆಮೇಲಾದರೂ ನಿರಾಳವಾಗಿ ನಡೆಯಿತೇ? ಮೊದಲ ಮೇಯರ್ ಅವಧಿಯ ಕೊನೆಯಲ್ಲಿ ವಿಧಾನಸಭೆ ಚುನಾವಣೆ ಬಂತು, 2023ರ ಮಾರ್ಚ್ 29ರಿಂದ ಮೇ ನಡುವಿನ ತನಕ ನೀತಿಸಂಹಿತೆ. ಎರಡನೆಯವರ ಅವಧಿಯ ಕೊನೆಯಲ್ಲಿ ಲೋಕಸಭೆ, 2024ರ ಮಾರ್ಚ್ 16ರಿಂದ ಜೂನ್ 6ರವರೆಗೆ ನೀತಿಸಂಹಿತೆ. ಆ ದಿನಗಳಲ್ಲಿ ಹೊಸ ಟೆಂಡರ್ ಇಲ್ಲ, ಭೂಮಿಪೂಜೆ ಇಲ್ಲ, ಮೇಯರ್ ಕಾರು ಕೂಡ ಶೆಡ್‌ನಲ್ಲಿ.

ಚುನಾವಣೆ ಇಲ್ಲದ ವರ್ಷವನ್ನೇ ತೆಗೆದುಕೊಳ್ಳಿ. ಜೂನ್ ಕೊನೆಗೆ ಆಯ್ಕೆ. ಜುಲೈನಿಂದ ಸೆಪ್ಟೆಂಬರ್ ತನಕ ಮಳೆ, ಡಾಂಬರು ಕೆಲಸ ಬಂದ್. ಅದೇ ಹೊತ್ತಿಗೆ ನಾಲ್ಕು ಸ್ಥಾಯಿ ಸಮಿತಿಗಳ ಆಯ್ಕೆ ಆಗಬೇಕು: ತೆರಿಗೆ-ಹಣಕಾಸು, ಆರೋಗ್ಯ-ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಪ್ರತಿಯೊಂದಕ್ಕೂ 7 ಸದಸ್ಯರು, ಅವರ ಅವಧಿಯೂ ಒಂದೇ ವರ್ಷ. ಯಾರಿಗೆ ಯಾವ ಸಮಿತಿ ಎಂಬ ಹಗ್ಗಜಗ್ಗಾಟ ತಡವಾದಷ್ಟೂ ಕಡತಗಳು ಸಮಿತಿಯ ಹೊಸ್ತಿಲಲ್ಲೇ ಕೂಡುತ್ತವೆ. ದಸರೆ, ದೀಪಾವಳಿ ಮುಗಿಯುವಷ್ಟರಲ್ಲಿ ನವೆಂಬರ್. ಫೆಬ್ರುವರಿ-ಮಾರ್ಚ್‌ಗೆ ಬಜೆಟ್. ಇಲ್ಲೇ ಇರುವುದು ದೊಡ್ಡ ತೊಡಕು. ಜೂನ್‌ನಲ್ಲಿ ಬಂದ ಮೇಯರ್ ನಡೆಸುವುದು ಹಿಂದಿನವರ ಕಾಲದಲ್ಲಿ ಒಪ್ಪಿಗೆಯಾದ ಬಜೆಟ್. ತಾವೇ ಕೂತು ಒಪ್ಪಿಸಿದ ಬಜೆಟ್ ಏಪ್ರಿಲ್ 1ಕ್ಕೆ ಜಾರಿಗೆ ಬರುತ್ತದೆ, ಅಲ್ಲಿಂದ ಮೂರು ತಿಂಗಳಿಗೆ ಅವರ ಅವಧಿಯೇ ಮುಗಿಯುತ್ತದೆ. ತಾನು ಘೋಷಿಸಿದ ಯೋಜನೆಗೆ ಕಾರ್ಯಾದೇಶ ಕೊಡುವ ಹೊತ್ತಿಗೆ ಅದೇ ಮೇಯರ್ ಕುರ್ಚಿಯಲ್ಲಿರುವುದು ತೀರ ಅಪರೂಪ. ಹೊಸಬರಿಗೆ ಹಳಬರ ಯೋಜನೆಯಲ್ಲಿ ಆಸಕ್ತಿ ಇರುವುದಿಲ್ಲ, ಒಂದೇ ಪಕ್ಷದವರಾದರೂ ಇರುವುದಿಲ್ಲ. ಇದನ್ನು ಅನುಭವಿ ಅಧಿಕಾರಿಗಳು ಚೆನ್ನಾಗಿ ಬಲ್ಲರು. ಬೇಡವಾದ ಕಡತವನ್ನು 'ಪರಿಶೀಲನೆಯಲ್ಲಿದೆ' ಎಂದು ಇಟ್ಟುಕೊಂಡರೆ ಸಾಕು, ಜೂನ್ ತಾನಾಗಿ ಬರುತ್ತದೆ.

ಪಕ್ಕದ ಗದಗ-ಬೆಟಗೇರಿ ನಗರಸಭೆಯ ಅಧ್ಯಕ್ಷರಿಗೆ, ಹಾವೇರಿ ನಗರಸಭೆಯ ಅಧ್ಯಕ್ಷರಿಗೆ 30 ತಿಂಗಳು. ಗದಗಿನ ಐದು ಪಟ್ಟಿಗೂ ಮೀರಿದ ಜನಸಂಖ್ಯೆಯ ನಮ್ಮ ಮೇಯರ್‌ಗೆ 12. ಬೆಂಗಳೂರಿಗೆಂದು 2020ರಲ್ಲಿ ಮಾಡಿದ ಬಿಬಿಎಂಪಿ ಕಾಯ್ದೆಯಲ್ಲೂ ಮೇಯರ್ ಅವಧಿ 30 ತಿಂಗಳೇ ಇತ್ತು. ಕೋಲ್ಕತ್ತದಲ್ಲಿ 1980ರ ದಶಕದಿಂದ ಮೇಯರ್ ತನ್ನದೇ ಸಂಪುಟ ಕಟ್ಟಿಕೊಂಡು ಆಡಳಿತ ನಡೆಸುತ್ತಾರೆ. ಇಂದೋರ್ ಮೇಯರನ್ನು ಜನ ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ. ನಮ್ಮ ನಾಡಿನಿಂದ ಇಂದೋರ್‌ಗೆ ಅಧ್ಯಯನ ಪ್ರವಾಸ ಹೋದವರು ಅಲ್ಲಿನ ಕಸದ ಗಾಡಿಗಳ ಫೋಟೊ ತೆಗೆದುಕೊಂಡು ಬರುತ್ತಾರೆ, ಮೇಯರ್ ಅವಧಿಯ ಕಡೆ ಯಾರ ಕಣ್ಣೂ ಹೋಗುವುದಿಲ್ಲ!

ಮೀಸಲಾತಿ ಸರದಿಯಿಂದಾಗಿ ಅವಧಿ ಕಡಿಮೆ ಇಡಬೇಕು, ಆಗ ಎಲ್ಲ ವರ್ಗದವರಿಗೂ ಅವಕಾಶ ಸಿಗುತ್ತದೆ ಎಂಬ ವಾದ ಇದೆ. ಅದನ್ನು ತಳ್ಳಿಹಾಕಲಾಗದು. ಪರಿಶಿಷ್ಟ ಜಾತಿಯ ಅಥವಾ ಹಿಂದುಳಿದ ವರ್ಗದ ಮಹಿಳೆಯೊಬ್ಬರು ಮೇಯರ್ ಗದ್ದುಗೆಗೆ ಬರಲು ಈ ಸರದಿಯೇ ದಾರಿ ಮಾಡಿದೆ. ಆದರೆ ಒಂದು ವರ್ಷದ ಗದ್ದುಗೆಯಲ್ಲಿ ಅವರಿಗೆ ಸಿಗುವುದು ಹಾರ-ತುರಾಯಿ, ಕೆಲಸ ಕಲಿಯುವಷ್ಟರಲ್ಲಿ ಬೀಳ್ಕೊಡುಗೆ. ಐದು ವರ್ಷದಲ್ಲಿ ಇಬ್ಬರಿಗೆ ನಿಜವಾದ ಅಧಿಕಾರ ಸಿಗುವುದು ಐವರಿಗೆ ಗೌನು (ಮೇಯರ್ ತೊಡುವ ನಿಲುವಂಗಿ) ಸಿಗುವುದಕ್ಕಿಂತ ಮೇಲು ಎಂಬುದು ನಮ್ಮ ಎಣಿಕೆ. (ಗೌನು ಬೇಕೋ ಬೇಡವೋ ಎಂಬ ಚರ್ಚೆ 2022ರಲ್ಲಿ ನಮ್ಮ ಪಾಲಿಕೆಯಲ್ಲೇ ಜೋರಾಗಿ ನಡೆಯಿತು. ಅವಧಿಯ ಮೇಲೆ ಅಷ್ಟು ಚರ್ಚೆ ನಡೆದಿದ್ದರೆ!)

ಅವಧಿ ಬದಲಿಸುವುದು ಶಾಸನಸಭೆಯ ಕೆಲಸ. ಅಲ್ಲಿಯವರೆಗೆ ಇರುವ ಹನ್ನೆರಡು ಸಾಮಾನ್ಯ ಸಭೆಗಳನ್ನು ಹಿಡಿತದಲ್ಲಿಟ್ಟುಕೊಂಡ ಮೇಯರ್ ಬಹಳಷ್ಟು ಮಾಡಬಲ್ಲರು. ಸಭೆ ಹಾಳಾಗುವ ಬಗೆ ಪಾಲಿಕೆ ನೌಕರರಿಗೆ ಬಾಯಿಪಾಠ. ಬೆಳಿಗ್ಗೆ ಸಭೆ ಶುರುವಾದೊಡನೆ ಒಂದು ಪತ್ರಿಕಾ ಹೇಳಿಕೆಯ ಮೇಲೆ ಗದ್ದಲ, ಮೇಯರ್ ಪೀಠದ ಮುಂದೆ ಧರಣಿ, ಹತ್ತು ನಿಮಿಷ ಮುಂದೂಡಿಕೆ. ಮತ್ತೆ ಕೂತಾಗ ಶೂನ್ಯ ವೇಳೆ, ಅದು ಊಟದವರೆಗೆ. ಊಟದ ಮೇಲೆ ಕುರ್ಚಿ ಅರ್ಧ ಖಾಲಿ, ಕೋರಂ ಕೇಳುವವರೂ ಇಲ್ಲ. ಆಗ ಹತ್ತಾರು ವಿಷಯಗಳಿಗೆ ಒಂದೇ ಉಸಿರಿನಲ್ಲಿ 'ಒಪ್ಪಿಗೆ'. ಪಾಲಿಕೆಯ ಜಾಗ ಲೀಸ್ ಕೊಡುವಂಥ ವಿಷಯಗಳು ಪಟ್ಟಿಯ ಕೊನೆಯಲ್ಲಿರುವುದು ಆಕಸ್ಮಿಕವಲ್ಲ.

ಇದಕ್ಕಿಂತ ಕೆಟ್ಟದ್ದು ಮೇಯರ್ ರೂಲಿಂಗ್‌ಗಳ ಗತಿ. 'ಅಧಿಕಾರಿಗಳು ಕೂಡಲೇ ಕ್ರಮ ಕೈಗೊಳ್ಳಬೇಕು' ಎಂದು ಮೇಯರ್ ಪೀಠದಿಂದ ಗುಡುಗುತ್ತಾರೆ, ಮರುದಿನ ಪತ್ರಿಕೆಯಲ್ಲಿ ತಲೆಬರಹ ಬರುತ್ತದೆ. ನಡಾವಳಿಯಲ್ಲಿ ಉಳಿಯುವುದು 'ಚರ್ಚಿಸಲಾಯಿತು' ಎಂಬ ಒಂದೇ ಪದ. ಚರ್ಚಿಸಿದ್ದಕ್ಕೆ ಅನುಪಾಲನಾ ವರದಿ ಯಾರೂ ಕೊಡಬೇಕಿಲ್ಲ. ಠರಾವಿನಲ್ಲಿ ನಾಲ್ಕು ಸಂಗತಿ ಇರಲೇಬೇಕು: ಕೆಲಸ ಯಾವುದು, ಯಾವ ಹುದ್ದೆಯ ಅಧಿಕಾರಿ ಮಾಡಬೇಕು, ಯಾವ ತಾರೀಖಿನೊಳಗೆ, ಯಾವ ಲೆಕ್ಕಶೀರ್ಷಿಕೆಯ ಹಣದಲ್ಲಿ. 'ಇಂಥ ವಾರ್ಡಿನ ಇಂಥ ಅಡ್ಡರಸ್ತೆಯ ಗಟಾರದ ಅಂದಾಜುಪಟ್ಟಿಯನ್ನು ವಲಯದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಸ್ಟ್ 10ರೊಳಗೆ ಸಲ್ಲಿಸಬೇಕು, ಖರ್ಚು ಸಾಮಾನ್ಯ ನಿಧಿಯಿಂದ, ವರದಿಯನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಇಡಬೇಕು' ಎಂದು ಬರೆಸಿ ನೋಡಿ. ಹಾಗೆ ಬರೆಸಿದ ಕಡತ ಓಡುತ್ತದೆ. ನಡಾವಳಿಯ ಕರಡನ್ನು ಪರಿಷತ್ ಕಾರ್ಯದರ್ಶಿ ತಯಾರಿಸಿದ ಮೇಲೆ ಮೇಯರ್ ಸಹಿ ಮಾಡುವ ಮೊದಲು ಅದನ್ನು ಓದಬೇಕು. ಇದನ್ನೂ ಹೇಳಬೇಕೆ ಎನ್ನಬೇಡಿ, ಹೇಳಲೇಬೇಕು.

ಒಂದು ವಿಷಯ ಪರಿಶೀಲಿಸಲು ಸದಸ್ಯರನ್ನೇ ಸೇರಿಸಿ ರಚಿಸುವ ಸದನ ಸಮಿತಿಗಳದ್ದೂ ಅದೇ ಕತೆ. ಅನೇಕ ಸದನ ಸಮಿತಿಗಳ ವರದಿ ಮೇಯರ್ ಅವಧಿಯೊಳಗೆ ಬರುವುದೇ ಇಲ್ಲ. ಆದರೆ 2022ರ ಆಗಸ್ಟ್‌ನಲ್ಲಿ ಈದ್ಗಾ ಮೈದಾನದಲ್ಲಿ ಗಣೇಶೋತ್ಸವಕ್ಕೆ ಅನುಮತಿ ಕೊಡುವ ವಿಷಯಕ್ಕೆ ರಚಿಸಿದ ಸದನ ಸಮಿತಿ ಕೆಲವೇ ದಿನಗಳಲ್ಲಿ ವರದಿ ಒಪ್ಪಿಸಿತು. ಆ ತೀರ್ಮಾನದ ಸರಿತಪ್ಪು ಇಲ್ಲಿಯ ಮಾತಲ್ಲ. ಮನಸ್ಸಿದ್ದರೆ ಸದನ ಸಮಿತಿ ಎಷ್ಟು ಬೇಗ ಕೆಲಸ ಮಾಡಬಲ್ಲದು ಎಂಬುದಕ್ಕೆ ನಮ್ಮ ಪಾಲಿಕೆಯಲ್ಲೇ ಸಾಕ್ಷಿ ಇದೆ ಎಂದಷ್ಟೆ.

ಮೇಲೆ ಹೇಳಿದ ಗಟಾರದ ಕತೆಯನ್ನೇ ಮುಂದುವರಿಸೋಣ. ಠರಾವಾದ ಮೇಲೆ ಸೆಕ್ಷನ್ ಎಂಜಿನಿಯರ್ ಎಸ್‌ಆರ್ ದರದ (ಸರಕಾರ ಗೊತ್ತುಪಡಿಸಿದ ದರಪಟ್ಟಿಯ) ಪ್ರಕಾರ ಅಂದಾಜುಪಟ್ಟಿ ಮಾಡುತ್ತಾರೆ. ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಮಂಜೂರಾತಿ, ರಾಜ್ಯ ಸರಕಾರದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಟೆಂಡರ್, ದರ ಪರಿಶೀಲನೆ, ಕರಾರು, ಕಾರ್ಯಾದೇಶ. ಕೆಲಸ ನಡೆಯುವಾಗ ಅಳತೆ ಪುಸ್ತಕದಲ್ಲಿ ದಾಖಲೆ, ಮೂರನೇ ವ್ಯಕ್ತಿಯ ತಪಾಸಣೆ, ಆಮೇಲೆ ಬಿಲ್. ಎಲ್ಲೂ ತಡವಾಗದಿದ್ದರೂ ನಾಲ್ಕೈದು ತಿಂಗಳು ಹಿಡಿಯುತ್ತದೆ. ಟೆಂಡರ್‌ಗೆ ಯಾರೂ ಬರದಿದ್ದರೆ ಮರುಟೆಂಡರ್. ಯಾಕೆ ಬರುವುದಿಲ್ಲ? ಹಳೆಯ ಬಿಲ್ ಬಾಕಿ ಉಳಿದ ಗುತ್ತಿಗೆದಾರ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ಅಷ್ಟೆ. ಆದ್ದರಿಂದ ಮೇಯರ್ ಪ್ರತಿ ತಿಂಗಳು ಕೇಳಬೇಕಾದ ಮೊದಲ ಕಾಗದ ಹೊಸ ಕಾಮಗಾರಿಯದಲ್ಲ, ಬಾಕಿ ಬಿಲ್‌ಗಳ ಪಟ್ಟಿ.

ಗಟಾರ ಕಟ್ಟಿದ ಮೇಲೂ ನೀರು ಹರಿಯುವುದಿಲ್ಲ ಎಂಬ ದೂರು ಹಳೇ ಹುಬ್ಬಳ್ಳಿಯಿಂದ ಧಾರವಾಡದ ಹೊಸ ಬಡಾವಣೆಗಳ ತನಕ ಎಲ್ಲ ಕಡೆ ಇದೆ. ಕಾರಣ ಸರಳ. 200 ಮೀಟರ್ ಉದ್ದದ ಗಟಾರಕ್ಕೆ 200ಕ್ಕೆ 1ರ ಇಳಿಜಾರು ಕೊಡಬೇಕೆಂದರೆ ಈ ತುದಿಗಿಂತ ಆ ತುದಿಯ ತಳ 1 ಮೀಟರ್ ಕೆಳಗಿರಬೇಕು. ಅಲ್ಲಿ ಸಿಗುವ ನಾಲೆಯ ಅಥವಾ ಸಿಡಿಯ (ರಸ್ತೆಯಡಿಯ ಅಡ್ಡ ಮೋರಿಯ) ತಳ ಅದಕ್ಕಿಂತ ಮೇಲಿದ್ದರೆ ನೀರು ಹಿಂದಕ್ಕೇ ನಿಲ್ಲುತ್ತದೆ. ಸದಸ್ಯರ ಅನುದಾನಕ್ಕೆ ತಕ್ಕಂತೆ ತುಂಡು ತುಂಡಾಗಿ 50 ಮೀಟರ್ ಈ ವರ್ಷ, 50 ಮೀಟರ್ ಮುಂದಿನ ವರ್ಷ ಎಂದು ಮಾಡಿದಾಗ ಯಾರೂ ತುದಿಯಿಂದ ತುದಿಗೆ ಲೆವೆಲ್ ಹಿಡಿಯುವುದಿಲ್ಲ. ಎರಡನೆಯ ದೋಷ ಕೆಲಸದ ಸರದಿಯದು. ಮೊದಲು ಯುಜಿಡಿ (ಒಳಚರಂಡಿ), ಆಮೇಲೆ ನೀರಿನ ಕೊಳವೆ, ಆಮೇಲೆ ಗಟಾರ, ಕೊನೆಗೆ ರಸ್ತೆ. ನಮ್ಮಲ್ಲಿ ಸಿಸಿ ರಸ್ತೆ ಆದ ಮೇಲೆ ಕೊಳವೆಯವರು ಬಂದು ಅಗೆಯುತ್ತಾರೆ. ಮುಚ್ಚುವಾಗ ಪದರ ಪದರವಾಗಿ ದಮ್ಮಸ್ಸು ಮಾಡದೆ ಮಣ್ಣು ಸುರಿದು ಹೋಗುತ್ತಾರೆ, ಒಂದು ಮಳೆಗೆ ಅದು ಕುಸಿಯುತ್ತದೆ. ಹಳೆಯ ಡಾಂಬರು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕಿದ್ದರಿಂದ ರಸ್ತೆ ಎತ್ತರವಾಗಿ ಮನೆಗಳ ಹೊಸ್ತಿಲು ತಗ್ಗಿಗೆ ಬಿದ್ದ ಓಣಿಗಳು ಎಷ್ಟಿಲ್ಲ! ಇದನ್ನು ತಡೆಯಲು ಮೇಯರ್‌ಗೆ ಹೊಸ ಅಧಿಕಾರ ಬೇಕಿಲ್ಲ. ರಸ್ತೆ ಕಾಮಗಾರಿಗೆ ಒಪ್ಪಿಗೆ ಕೊಡುವ ಮೊದಲು, ಈ ರಸ್ತೆಯಲ್ಲಿ ಮುಂದಿನ ಮೂರು ವರ್ಷ ಅಗೆತ ಇಲ್ಲ ಎಂದು ನೀರು, ಒಳಚರಂಡಿ, ವಿದ್ಯುತ್, ಗ್ಯಾಸ್ ಕೊಳವೆಯವರಿಂದ ಲಿಖಿತ ಪತ್ರ ಕಡತದಲ್ಲಿರಬೇಕು ಎಂದು ಒಂದು ಠರಾವು ಸಾಕು.

ಇನ್ನು ಮೇಯರ್ ಕೈ ಮೀರಿದ ಸಂಗತಿಗಳು. ಬಿಆರ್‌ಟಿಎಸ್ ಕಾರಿಡಾರ್ (ಎರಡು ಊರುಗಳ ನಡುವಿನ ಪ್ರತ್ಯೇಕ ಬಸ್ ಪಥ) ಬೇರೆ ಕಂಪನಿಯದು. ಸ್ಮಾರ್ಟ್ ಸಿಟಿ ಕೆಲಸಗಳೂ ಪ್ರತ್ಯೇಕ ಕಂಪನಿಯ ಮೂಲಕ ಆದವು, ಮುಗಿದ ಮೇಲೆ ನಿರ್ವಹಣೆಯ ಹೊರೆ ಮಾತ್ರ ಪಾಲಿಕೆಗೆ. ಕಿತ್ತೂರು ಚೆನ್ನಮ್ಮ ವೃತ್ತದ ಮೇಲ್ಸೇತುವೆ, ಬೈಪಾಸ್ ಹೆದ್ದಾರಿ ಇಲಾಖೆಗಳ ಸುಪರ್ದಿ. ವಿದ್ಯುತ್ ಹೆಸ್ಕಾಂನದು, ಹೊಸ ಬಡಾವಣೆಯ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರವಾದ ಹುಡಾದ್ದು. ಖಾಸಗಿ ಬಡಾವಣೆಯನ್ನು ಡೆವಲಪರ್ ರಸ್ತೆ, ಗಟಾರ, ದೀಪ ಪೂರ್ತಿ ಮಾಡಿ ಪಾಲಿಕೆಗೆ ಹಸ್ತಾಂತರ ಮಾಡದೆ ಹೋದರೆ ಪಾಲಿಕೆ ಅಲ್ಲಿ ಕಾನೂನುಬದ್ಧವಾಗಿ ಒಂದು ದೀಪವನ್ನೂ ಹಾಕಲಾಗದು. ಮನೆ ಕೊಳ್ಳುವವರು ಖಾತೆಯ ಜತೆ ಹಸ್ತಾಂತರ ಪತ್ರವನ್ನೂ ಕೇಳಬೇಕು.

ಹಣದ ಮಾತು. ಕೇಂದ್ರ ಹಣಕಾಸು ಆಯೋಗದ ಅನುದಾನ ಬರುತ್ತದೆ, ಆದರೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಮ್ಮಂಥ ನಗರಗಳಿಗೆ 15ನೇ ಆಯೋಗ ಅದರಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಸ್ವಂತ ಆದಾಯದಲ್ಲಿ ಶೇ 24.10 ಪರಿಶಿಷ್ಟರ ಕಲ್ಯಾಣಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ತೆಗೆದಿಡಬೇಕು. ಇದು ನ್ಯಾಯವೇ, ಆದರೆ ಎಷ್ಟೋ ಸಲ ವರ್ಷದ ಕೊನೆಗೆ ಖರ್ಚಾಗದೆ ಉಳಿಯುತ್ತದೆ. ಸಂಬಳ, ಡೀಸೆಲ್, ವಿದ್ಯುತ್ ಬಿಲ್ ಕಳೆದ ಮೇಲೆ ಮೇಯರ್ ಮನಸ್ಸಿಗೆ ಬಂದದ್ದನ್ನು ಮಾಡಲು ಉಳಿಯುವುದು ಅಲ್ಪ. ಅದನ್ನು ಹೆಚ್ಚಿಸುವ ದಾರಿ ಆಸ್ತಿ ತೆರಿಗೆ ಮತ್ತು ಪಾಲಿಕೆ ಮಳಿಗೆಗಳ ಬಾಡಿಗೆ. ಏಪ್ರಿಲ್‌ನಲ್ಲೇ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಸಾಮಾನ್ಯ ಜನ ಇದಕ್ಕೆ ಹೆದರಿ ಕಟ್ಟುತ್ತಾರೆ, ದೊಡ್ಡ ಬಾಕಿದಾರರು ಹೆದರುವುದಿಲ್ಲ. ಹನ್ನೆರಡು ವಲಯ ಕಚೇರಿಗಳಲ್ಲಿ ಪ್ರತಿಯೊಂದರ ಮೊದಲ ಐವತ್ತು ಬಾಕಿದಾರರ ಪಟ್ಟಿ ಸಾಮಾನ್ಯ ಸಭೆಯ ಮೇಜಿಗೆ ಬರಲಿ. ಆ ಪಟ್ಟಿ ತರಿಸಿದ ಮೇಯರ್‌ಗೆ ಫೋನ್‌ಗಳು ಬರತೊಡಗುತ್ತವೆ, ಆಗ ಗೊತ್ತಾಗುತ್ತದೆ ಕುರ್ಚಿಯ ತೂಕ.

ನಾಗರಿಕರಿಗೂ ಒಂದು ಮಾತು. ಮೇಯರ್ ಮನೆಗೆ ಹೋಗಿ ಶಾಲು ಹೊದಿಸಿ ಬಾಯಲ್ಲಿ ಹೇಳಿದ ಬೇಡಿಕೆ ಶಾಲಿನ ಜತೆಗೇ ಕಪಾಟು ಸೇರುತ್ತದೆ. ಒಂದು ಅರ್ಜಿಗೆ ಒಂದೇ ವಿಷಯ. ವಾರ್ಡ್ ಸಂಖ್ಯೆ, ಅಡ್ಡರಸ್ತೆ, ದೀಪವಾದರೆ ಕಂಬದ ಸಂಖ್ಯೆ, ಯುಜಿಡಿಯಾದರೆ ಯಾವ ಮನೆ ಮುಂದಿನ ಚೇಂಬರ್ ಎಂಬುದು, ಜತೆಗೆ ಎರಡು ಫೋಟೊ. ಮೊದಲು ವಲಯ ಕಚೇರಿಗೆ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ. ಕೆಲಸ ಆಗದಿದ್ದರೆ ಆ ಸಂಖ್ಯೆ ಬರೆದು ವಾರ್ಡ್ ಸದಸ್ಯರಿಗೆ ಕೊಡಿ, ಸಾಮಾನ್ಯ ಸಭೆಯಲ್ಲಿ ಪ್ರಶ್ನೆಯಾಗಿ ಕೇಳಲು ಒತ್ತಾಯಿಸಿ. ಸಭೆಯಲ್ಲಿ ಬಂದದ್ದಾದರೆ ಠರಾವು ಸಂಖ್ಯೆ ಮತ್ತು ದಿನಾಂಕ ಕೇಳಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕಕ್ಕೆ 30 ದಿನದಲ್ಲಿ ನಡಾವಳಿಯ ಪ್ರತಿ, ಅಳತೆ ಪುಸ್ತಕದ ಪುಟ ಸಿಗಬೇಕು. ಅಳತೆ ಪುಸ್ತಕದ ಪುಟ ಹಿಡಿದು ಟೇಪ್ ಹಚ್ಚಿ ಗಟಾರ ಅಳೆಯುವ ಇಬ್ಬರು ಹಿರಿಯರು ಓಣಿಯಲ್ಲಿದ್ದರೆ ಗುತ್ತಿಗೆದಾರನ ಸಿಮೆಂಟು ತಾನಾಗಿ ಗಟ್ಟಿಯಾಗುತ್ತದೆ. ಕಾಯ್ದೆಯಲ್ಲಿರುವ ವಾರ್ಡ್ ಸಮಿತಿಗೆ 10 ಸದಸ್ಯರು, ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿ ಸಂಘಗಳಿಗೆ ಅಲ್ಲಿ ಸ್ಥಾನ ಇದೆ. ಅದು ಪ್ರತಿ ತಿಂಗಳು ಕೂಡುತ್ತಿದೆಯೇ ಎಂದು ಕೇಳಿ.

ಕೊನೆಯದಾಗಿ ಧಾರವಾಡದ ವಿಷಯ. 1962ರಲ್ಲಿ ಒಂದಾದ ಪಾಲಿಕೆಯಿಂದ ಧಾರವಾಡವನ್ನು ಬೇರೆ ಮಾಡಲು 2025ರ ಜನವರಿ 2ರಂದು ಸಚಿವ ಸಂಪುಟ ಒಪ್ಪಿತು. 26 ವಾರ್ಡ್ ಆ ಕಡೆ, 56 ಈ ಕಡೆ. ಧಾರವಾಡದವರ ಬೇಡಿಕೆ ಹಳೆಯದು, ಖಾತೆಗೂ ಕಡತಕ್ಕೂ ಹುಬ್ಬಳ್ಳಿಗೆ ಅಲೆದು ಬೇಸತ್ತವರ ನೋವು ನಿಜ. ಆದರೆ ವಾರ್ಡ್ ಹಂಚಿದಷ್ಟು ಸುಲಭವಲ್ಲ ಮಿಕ್ಕದ್ದು. ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆ ನೀರು ಧಾರವಾಡ ಪಕ್ಕದ ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಎರಡೂ ಊರಿಗೆ ಹರಿಯುತ್ತದೆ. ಆ ಘಟಕ, ಮುಖ್ಯ ಕೊಳವೆ, ವಿದ್ಯುತ್ ಬಿಲ್ ಯಾರ ಲೆಕ್ಕಕ್ಕೆ? ಬೇಸಿಗೆಯಲ್ಲಿ ಪಂಪ್ ಕೆಟ್ಟರೆ ಯಾವ ಊರಿಗೆ ಮೊದಲು ಕಡಿತ? ನಿವೃತ್ತ ನೌಕರರ ಪಿಂಚಣಿಯನ್ನು ಪಾಲಿಕೆ ತನ್ನ ಬೊಕ್ಕಸದಿಂದ ಕೊಟ್ಟು ಸರಕಾರದಿಂದ ಮರುಪಾವತಿಗೆ ಕಾಯುತ್ತಿದೆ. ಆ ಬಾಕಿ ಬಂದಾಗ ಯಾರಿಗೆ ಎಷ್ಟು? ಕಸದ ಮಟ್ಟಿಗೆ ಚಿಂತೆ ಕಡಿಮೆ, ಕಸ ವಿಲೇವಾರಿ ಜಾಗಗಳು ಕಾರವಾರ ರಸ್ತೆಯದು ಹುಬ್ಬಳ್ಳಿಗೆ, ಹೊಸಯಲ್ಲಾಪುರದ್ದು ಧಾರವಾಡಕ್ಕೆ ಎಂದು ಮೊದಲಿನಿಂದಲೂ ಬೇರೆಯೇ ಇವೆ.

ಈಗಿನ ಮಂಡಳಿಯ ಐದು ವರ್ಷ ಮೊದಲ ಸಭೆಯ ದಿನದಿಂದ ಲೆಕ್ಕ ಹಿಡಿದರೆ 2027ರ ಮೇ ತಿಂಗಳಿಗೆ ಮುಗಿಯುತ್ತದೆ. ಎರಡು ಪಾಲಿಕೆಗಳಲ್ಲಿ ಇಬ್ಬರು ಮೇಯರ್ ಕೂರುವುದೇ ಆದರೆ ಅಷ್ಟರೊಳಗೆ ಎರಡು ಕೆಲಸ ಆಗಬೇಕು. ಕೆಎಂಸಿ ಕಾಯ್ದೆಯಲ್ಲಿ ಮೇಯರ್ ಮತ್ತು ಸ್ಥಾಯಿ ಸಮಿತಿಗಳ ಅವಧಿಯನ್ನು 30 ತಿಂಗಳಿಗೆ ಏರಿಸುವ ತಿದ್ದುಪಡಿ, ಮತ್ತು ಅಮ್ಮಿನಬಾವಿ ನೀರು, ಪಿಂಚಣಿ, ನೌಕರರ ಹಂಚಿಕೆಗೆ ಇಬ್ಬರೂ ಒಪ್ಪಿದ ಲಿಖಿತ ಕರಾರು. ಎರಡಕ್ಕೂ ಈಗಿನ ಸಾಮಾನ್ಯ ಸಭೆಯಲ್ಲೇ ಠರಾವು ಮಾಡಿ ಸರಕಾರಕ್ಕೆ ಕಳಿಸಬಹುದು. ಹಾಗೆ ಮಾಡಲು ಮೇಯರ್ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಇಂತಿ,
ಪಾಲಿಕೆಯ ಕೆಲವು ನಿವೃತ್ತ ನೌಕರರು
ಹುಬ್ಬಳ್ಳಿ-ಧಾರವಾಡ